ವೈಲ್ಡ್‌ಫೆಲ್ ಹಾಲ್ ಮರುಮುದ್ರಣ ಕೊಳ್ಳುವವರು ಮೊದಲ ಪುಟ ತೆರೆದು ನೋಡಿ

ಹಳೇಪುಟ:
ಇಲ್ಲಿ ಬ್ರಾಂಟೆ ಅಕ್ಕತಂಗಿಯರ ಮಾತು ಬಂದಾಗಲೆಲ್ಲ ಶಾರ್ಲೆಟ್ ಮತ್ತು ಎಮಿಲಿ ಬಗ್ಗೆಯೇ ಚರ್ಚೆ ನಡೆಯುತ್ತದೆ. ಕಿರಿಯವಳು ಆನ್ ಹೆಸರು ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಅವಳ ಎರಡನೇ ಕಾದಂಬರಿ ‘ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’ನ ಮರುಮುದ್ರಣಗಳು ಈಗ ಸುಲಭವಾಗಿ ಸಿಗುತ್ತವೆ, ಕಡಿಮೆ ಬೆಲೆಗೂ ಸಿಗುತ್ತವೆ. ದಯವಿಟ್ಟು ಓದಿ. ಆದರೆ ಕೊಳ್ಳುವ ಮೊದಲು ಒಂದು ವಿಷಯ ಗೊತ್ತಿರಲಿ. ಎಲ್ಲ ಮರುಮುದ್ರಣಗಳಲ್ಲೂ ಇಡೀ ಪುಸ್ತಕ ಇರುವುದಿಲ್ಲ. ಮುಖಪುಟದಲ್ಲಿ ‘ಸಂಪೂರ್ಣ’ ಅಂತ ಅಚ್ಚಾಗಿದ್ದರೂ ಒಳಗೆ ಕತ್ತರಿ ಹಾಕಿದ ಪಠ್ಯ ಇರಬಹುದು.

ಇದು ಹೇಗಾಯಿತು ಅಂದರೆ, ಕಾದಂಬರಿ ಮೊದಲು ಬಂದದ್ದು 1848ರ ಜೂನ್‌ನಲ್ಲಿ, ಮೂರು ಸಂಪುಟಗಳಲ್ಲಿ. ಪ್ರಕಾಶಕ ಲಂಡನ್ನಿನ ಥಾಮಸ್ ನ್ಯೂಬಿ. ಲೇಖಕರ ಹೆಸರಿನ ಜಾಗದಲ್ಲಿ ಇದ್ದದ್ದು ಆಕ್ಟನ್ ಬೆಲ್ ಅನ್ನುವ ಆನ್‌ಳ ಗುಪ್ತನಾಮ. ಚೆನ್ನಾಗಿ ಮಾರಾಟವಾಯಿತು, ಆಗಸ್ಟ್‌ನಲ್ಲೇ ಎರಡನೇ ಮುದ್ರಣ ಬಂತು. ಮರುವರ್ಷ, 1849ರ ಮೇ 28ರಂದು, ಆನ್ ಕ್ಷಯದಿಂದ ಸ್ಕಾರ್ಬರೋದಲ್ಲಿ ತೀರಿಕೊಂಡಳು. ಆಗ ಅವಳಿಗೆ 29 ವರ್ಷ. 1850ರಲ್ಲಿ ಸ್ಮಿತ್ ಎಲ್ಡರ್ ಸಂಸ್ಥೆ ತಂಗಿಯರ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಲು ಹೊರಟಾಗ ಶಾರ್ಲೆಟ್ ಉಳಿದ ಎರಡಕ್ಕೆ ಒಪ್ಪಿದಳು, ಇದೊಂದಕ್ಕೆ ಒಪ್ಪಲಿಲ್ಲ. ಇದನ್ನು ಉಳಿಸಿಕೊಳ್ಳಬೇಕು ಅಂತ ತನಗೆ ಅನಿಸುವುದಿಲ್ಲ, ವಸ್ತುವಿನ ಆಯ್ಕೆಯೇ ತಪ್ಪು ಅನ್ನುವ ಅರ್ಥದಲ್ಲಿ ಪತ್ರ ಬರೆದಳು. ಆಮೇಲೆ 1854ರಲ್ಲಿ ಥಾಮಸ್ ಹಾಡ್ಜ್‌ಸನ್ ಅನ್ನುವ ಪ್ರಕಾಶಕ ಒಂದೇ ಸಂಪುಟದ ಅಗ್ಗದ ಆವೃತ್ತಿ ತಂದ. ಮೂರು ಸಂಪುಟದ ಸರಕನ್ನು ಒಂದರಲ್ಲಿ ತುರುಕಬೇಕಿತ್ತು. ಹಾಗಾಗಿ ಕೆಲವು ಕಡೆ ಪದ, ಕೆಲವು ಕಡೆ ಪ್ಯಾರಾ, ಒಂದು ಕಡೆ ಹೆಚ್ಚುಕಡಿಮೆ ಇಡೀ ಅಧ್ಯಾಯ ಹೋಯಿತು. ಮುಂದೆ ಇಂಗ್ಲೆಂಡಿನಲ್ಲಿ ಬಂದ ಬಹುಪಾಲು ಮುದ್ರಣಗಳು ಈ ಪಠ್ಯವನ್ನೇ ನಕಲು ಮಾಡಿದವು. ಲೇಖಕಿಯೇ ಬದುಕಿಲ್ಲ, ಅಕ್ಕನಿಗೆ ಪುಸ್ತಕ ಬೇಕಿಲ್ಲ. ಇನ್ನು ಕೇಳುವವರು ಯಾರು?

ಪರೀಕ್ಷೆ ಸುಲಭ. ಪುಸ್ತಕ ಜೆ. ಹಾಲ್‌ಫರ್ಡ್ ಅನ್ನುವವನಿಗೆ ಬರೆದ ಪತ್ರದಿಂದ ಶುರುವಾಗಬೇಕು. ಅದಿಲ್ಲದೆ ನೇರವಾಗಿ 1827ರ ಶರತ್ಕಾಲಕ್ಕೆ ಹೋಗೋಣ ಅನ್ನುವ ವಾಕ್ಯದಿಂದಲೇ ಶುರುವಾದರೆ ನಿಮ್ಮ ಕೈಯಲ್ಲಿರುವುದು ಕತ್ತರಿಸಿದ ಪ್ರತಿ.

ನೀಲಿಶಾಯಿ:
ಈಗಷ್ಟೇ ಕಪಾಟಿನಿಂದ ತೆಗೆದು ನೋಡಿದೆ ಸರ್. ನನ್ನದು 1827ರಿಂದಲೇ ಶುರು. ಪತ್ರ ಇಲ್ಲ, ಅಧ್ಯಾಯಗಳಿಗೆ ಹೆಸರೂ ಇಲ್ಲ, ಬರೀ ಅಂಕಿ. ಹಿಂಬದಿಯಲ್ಲಿ ದೊಡ್ಡದಾಗಿ ಸಂಪೂರ್ಣ ಆವೃತ್ತಿ ಅಂತಿದೆ. ದುಡ್ಡಿಗಿಂತ ಜಾಸ್ತಿ ಬೇಜಾರು ಏನೆಂದರೆ ಎಂ.ಎ.ಯಲ್ಲಿ ಇದರ ಮೇಲೆ ಸೆಮಿನಾರ್ ಪೇಪರ್ ಓದಿದ್ದೂ ಇದೇ ಪ್ರತಿ ಇಟ್ಟುಕೊಂಡು. ನಿಜವಾಗಿ ಕಳೆದುಹೋಗಿರುವುದು ಎಷ್ಟು? ಒಂದು ಪತ್ರ ಇಲ್ಲದಿದ್ದರೆ ಕಥೆಗೆ ಅಷ್ಟು ನಷ್ಟವೇ?

ಹಳೇಪುಟ:
@ನೀಲಿಶಾಯಿ ಕಥೆಯ ಎಳೆ ತಪ್ಪುವುದಿಲ್ಲ, ಅದಕ್ಕೇ ಇಷ್ಟು ವರ್ಷ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಆದರೆ ಈ ಕಾದಂಬರಿಯ ಕಟ್ಟಡವೇ ಬೇರೆ. ಹೊರಗಿನ ಕಥೆ ಹೇಳುವವನು ಗಿಲ್ಬರ್ಟ್ ಮಾರ್ಕಮ್, ಊರಿನ ಒಬ್ಬ ರೈತ. ಅವನು 1847ರಲ್ಲಿ ತನ್ನ ಭಾವ ಹಾಲ್‌ಫರ್ಡ್‌ಗೆ ಬರೆಯುತ್ತಿದ್ದಾನೆ. ಅದರ ಒಳಗೆ ನಾಯಕಿ ಹೆಲೆನ್ ದಿನಚರಿ ಇದೆ. ಕುಡುಕ ಗಂಡನನ್ನು ಬಿಟ್ಟು ಪುಟ್ಟ ಮಗನ ಜೊತೆ ವೈಲ್ಡ್‌ಫೆಲ್ ಹಾಲ್‌ಗೆ ಓಡಿಬಂದವಳು ಅವಳು, ಮುಂದೆ ಗಿಲ್ಬರ್ಟ್‌ನನ್ನು ಮದುವೆಯಾಗುತ್ತಾಳೆ. ಅಂದರೆ ಹೆಂಡತಿಯ ದಿನಚರಿಯನ್ನು ಗಂಡ ಇನ್ನೊಬ್ಬ ಗಂಡಸಿಗೆ ದಾಟಿಸುತ್ತಿದ್ದಾನೆ. ಅದೂ ಯಾಕೆ? ಹಿಂದೊಮ್ಮೆ ಹಾಲ್‌ಫರ್ಡ್ ತನ್ನ ಹಳೆಯ ಕಥೆ ಹೇಳಿಕೊಂಡಾಗ ಇವನು ಏನೂ ಹೇಳಿರಲಿಲ್ಲ, ಅವನಿಗೆ ಬೇಸರವಾಗಿತ್ತು, ಆ ಸಾಲ ತೀರಿಸಲು! ಪತ್ರ ಕಿತ್ತುಹಾಕಿದರೆ ಈ ವಿಷಯವೇ ಓದುಗರಿಗೆ ತಿಳಿಯುವುದಿಲ್ಲ. ಗಿಲ್ಬರ್ಟ್ ಎಷ್ಟು ನಂಬಬಹುದಾದ ಮನುಷ್ಯ ಅನ್ನುವ ಪ್ರಶ್ನೆಯೂ ಏಳುವುದಿಲ್ಲ.

ಇನ್ನು 28ನೇ ಅಧ್ಯಾಯ. ಅಲ್ಲಿ ಹೆಲೆನ್‌ಗೆ ಮಗು ಹುಟ್ಟಿ ಕೆಲವು ವಾರ ಆಗಿದೆ. ಹಿಂದಿನ ಕ್ರಿಸ್‌ಮಸ್‌ಗೆ ಮದುಮಗಳಾಗಿದ್ದವಳು ಈ ಕ್ರಿಸ್‌ಮಸ್‌ಗೆ ತಾಯಿ. ಆ ಸಂತೋಷದ ಜೊತೆಗೇ ಭಯ, ಈ ಮಗು ಮುಂದೆ ಅಪ್ಪನ ಹಾಗೇ ಆದರೆ? ಅಪ್ಪನೋ ಮಗುವಿನ ಮೇಲೆ ಹೊಟ್ಟೆಕಿಚ್ಚು ಪಡುತ್ತಾನೆ, ಹೆಂಡತಿಯ ಗಮನವೆಲ್ಲ ಅದರ ಮೇಲೆ ಹೋಯಿತಲ್ಲ ಅಂತ. ಮುಂದೆ ಅವಳು ಮನೆ ಬಿಡುವ ತೀರ್ಮಾನದ ಬೇರು ಇರುವುದು ಇಲ್ಲೇ. ಅದನ್ನು ತೆಗೆದುಹಾಕಿ ಪುಸ್ತಕ ಮಾರಿದರು.

1979ರ ಪೆಂಗ್ವಿನ್ ಆವೃತ್ತಿ ಅಥವಾ 1992ರ ಆಕ್ಸ್‌ಫರ್ಡ್ ಕ್ಲಾರೆಂಡನ್ ಆವೃತ್ತಿಯ ಪಠ್ಯ ಅನುಸರಿಸಿದ ಪ್ರತಿ ಆದರೆ ಧೈರ್ಯವಾಗಿ ಕೊಳ್ಳಿ.

ವಕೀಲಮ್ಮ:
ಹೆಲೆನ್ ಮಾಡಿದ್ದು ಎಷ್ಟು ದೊಡ್ಡ ಕೆಲಸ ಅಂತ ತಿಳಿಯಬೇಕಾದರೆ ಆಗಿನ ಕಾನೂನು ಗೊತ್ತಿರಬೇಕು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಥೆ ನಡೆಯುವುದು 1820ರ ದಶಕದಲ್ಲಿ. ಆಗಿನ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸು ಕಾನೂನಿನ ಕಣ್ಣಿಗೆ ಬೇರೆ ವ್ಯಕ್ತಿಯೇ ಅಲ್ಲ. ಅವಳ ಕೈಯಲ್ಲಿರುವ ಹಣ ಗಂಡನದು, ಅವಳು ದುಡಿದದ್ದು ಗಂಡನದು, ಮಕ್ಕಳು ಗಂಡನ ವಶ. ಪೂರ್ತಿ ವಿಚ್ಛೇದನ ಬೇಕಾದರೆ ಪಾರ್ಲಿಮೆಂಟಿನಲ್ಲಿ ಆ ಒಂದು ಮದುವೆಗೋಸ್ಕರವೇ ಕಾಯ್ದೆ ಪಾಸಾಗಬೇಕಿತ್ತು. ಹಾಗೆ ಪಡೆದ ಹೆಂಗಸರು ಬೆರಳೆಣಿಕೆಯಷ್ಟು. ಹೆಲೆನ್ ಗಂಡನ ವ್ಯಭಿಚಾರವನ್ನು ಕಣ್ಣಾರೆ ಕಂಡ ಮೇಲೆ ನೇರವಾಗಿ ಕೇಳುತ್ತಾಳೆ: ಮಗುವನ್ನೂ ನನ್ನ ಹಣದಲ್ಲಿ ಉಳಿದದ್ದನ್ನೂ ಕೊಡು, ಹೋಗುತ್ತೇನೆ. ಅವನು ಇಲ್ಲ ಅನ್ನುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಹೋಗಿ ದೂರು ಕೊಡುವುದಕ್ಕೆ ಬಾಗಿಲೇ ಇಲ್ಲ.

ಈಗ ಅವಳ ಹೆಜ್ಜೆಗಳನ್ನು ನೋಡಿ. ಮಗನನ್ನು ಕರೆದುಕೊಂಡು ಹೋದರೆ ಕಾನೂನಿನ ಪ್ರಕಾರ ಅದು ಗಂಡನ ಮಗನನ್ನು ಕದ್ದ ಹಾಗೆ. ಚಿತ್ರ ಬಿಡಿಸಿ ಮಾರಿದರೆ ಆ ಹಣವೂ ಗಂಡನಿಗೇ ಸೇರಬೇಕು. ಅದಕ್ಕೇ ತಾಯಿಯ ತವರಿನ ಹೆಸರು ಗ್ರಹಾಂ ಅಂತ ಇಟ್ಟುಕೊಳ್ಳುತ್ತಾಳೆ, ಚಿತ್ರದ ಮೂಲೆಯಲ್ಲಿ ಸುಳ್ಳು ಇನಿಷಿಯಲ್ ಹಾಕುತ್ತಾಳೆ, ವೈಲ್ಡ್‌ಫೆಲ್ ಹಾಲ್ ಚಿತ್ರಕ್ಕೆ ಬೇರೆ ಊರಿನ ಹೆಸರು ಕೊಡುತ್ತಾಳೆ. ಮೊದಲ ಓದಿಗೆ ಇವೆಲ್ಲ ಸುಮ್ನೆ ಕುತೂಹಲ ಹುಟ್ಟಿಸುವ ಗುಟ್ಟುಗಳು ಅನಿಸುತ್ತವೆ. ಅಲ್ಲ, ಒಂದೊಂದೂ ಆಗಿನ ಒಂದೊಂದು ಕಾನೂನಿನಿಂದ ತಪ್ಪಿಸಿಕೊಳ್ಳುವ ದಾರಿ.

ಬದಲಾವಣೆ ಬಂದದ್ದು ನಿಧಾನ. 1839ರಲ್ಲಿ ಕ್ಯಾರೊಲಿನ್ ನಾರ್ಟನ್ ಅನ್ನುವ ಬರಹಗಾರ್ತಿಯ ಹೋರಾಟದ ಫಲವಾಗಿ ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು ತಾಯಿ ಅರ್ಜಿ ಹಾಕಬಹುದು ಅಂತಾಯಿತು. 1857ರಲ್ಲಿ ವಿಚ್ಛೇದನಕ್ಕೆ ನ್ಯಾಯಾಲಯ ಬಂತು, ಆದರೆ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕು, ಹೆಂಡತಿ ಮಾತ್ರ ಅದರ ಜೊತೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಸಾಬೀತು ಮಾಡಬೇಕು. ದುಡಿದ ಹಣ ಹೆಂಡತಿಯದೇ ಅಂತ ಆದದ್ದು 1870ರಲ್ಲಿ, ಆಸ್ತಿಯ ಪೂರ್ತಿ ಹಕ್ಕು 1882ರಲ್ಲಿ. ಹೆಂಡತಿಯನ್ನು ಗಂಡ ಮನೆಯಲ್ಲಿ ಕೂಡಿಹಾಕುವಂತಿಲ್ಲ ಅಂತ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿದ್ದು 1891ರಲ್ಲಿ. ಆನ್ ಬರೆದದ್ದು 1848ರಲ್ಲಿ.

ಆ ಕಾನೂನು ನಮ್ಮ ಕಡೆಗೂ ಬಂತು. 1874ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ ಆಯಿತು. ಆದರೆ ಹಿಂದೂ, ಮುಸ್ಲಿಂ ಹೆಂಗಸರನ್ನು ಅದರಿಂದ ಹೊರಗಿಟ್ಟಿದ್ದರು. ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕಿಗೆ ತನ್ನದೇ ಕಾಯ್ದೆ ಮಾಡಿದ್ದು 1933ರಲ್ಲಿ.

ಕಾಫಿತೋಟ:
ಮಾಹಿತಿಗೆ ಥ್ಯಾಂಕ್ಸ್ ಮೇಡಂ. ಆದರೂ ನನ್ನದೊಂದು ತಕರಾರು ಇದೆ. ಪುಸ್ತಕ ಮುಖ್ಯ ಅನ್ನುವುದು ಒಪ್ಪಿದೆ, ಒಳ್ಳೆಯ ಕಾದಂಬರಿ ಅಂತ ಒಪ್ಪುವುದು ನನಗೆ ಕಷ್ಟ. ಹೆಲೆನ್ ಎಲ್ಲರಿಗೂ ಉಪದೇಶ ಮಾಡುತ್ತಾಳೆ. ಗಂಡ ಕುಡುಕ, ದುಷ್ಟ, ಸರಿ. ಆದರೆ ಮದುವೆಗೆ ಮುಂಚೆಯೇ ಚಿಕ್ಕಮ್ಮ ಬೇಡ ಅಂದಿದ್ದಳು. ಇವಳು ‘ನಾನು ಅವನನ್ನು ತಿದ್ದುತ್ತೇನೆ’ ಅಂತ ಹೋದಳು. ಆಮೇಲೆ ಬರುವ ಗಿಲ್ಬರ್ಟ್ ಏನು ಕಡಿಮೆಯೇ? ಹೆಲೆನ್ ಹತ್ತಿರ ಬರುವ ಲಾರೆನ್ಸ್ ಅವಳ ಪ್ರಿಯಕರ ಅಂತ ತಿಳಿದು ದಾರಿಯಲ್ಲಿ ಚಾವಟಿಯ ಹಿಡಿಯಿಂದ ತಲೆಗೆ ಹೊಡೆದು ಬೀಳಿಸುತ್ತಾನೆ. ಲಾರೆನ್ಸ್ ಅವಳ ಒಡಹುಟ್ಟಿದವನು! ರಕ್ತ ಸುರಿಯುವ ಮನುಷ್ಯನನ್ನು ಬಿಟ್ಟು ಮುಂದೆ ಹೋಗುತ್ತಾನೆ. ಇಂಥವನ ಕೈಗೆ ಅವಳನ್ನು ಮತ್ತೆ ಕೊಟ್ಟು ಸುಖಾಂತ್ಯ ಅಂದರೆ ಹೇಗೆ ನಂಬುವುದು?

ತುಂಗಾತೀರ:
ಆ ಹೊಡೆತ ಲೇಖಕಿ ಬೇಕೆಂದೇ ಇಟ್ಟದ್ದು ಅಂತ ನಾನು ಓದುತ್ತೇನೆ. ಊರಿನ ಒಳ್ಳೆಯ ಹುಡುಗ, ಅಮ್ಮನ ಮುದ್ದಿನ ಮಗ, ಪಾದ್ರಿಯ ಮನೆಯಲ್ಲಿ ಟೀ ಕುಡಿಯುವವನು. ಅವನ ಒಳಗೂ ಅದೇ ಸಿಟ್ಟು, ಅದೇ ಹಕ್ಕು ಚಲಾಯಿಸುವ ಬುದ್ಧಿ. ಕೆಟ್ಟವರು ಹೆಲೆನ್‌ಳ ಮೊದಲ ಗಂಡ ಹಂಟಿಂಗ್ಡನ್ ಮತ್ತು ಅವನ ಗುಂಪಿನವರು ಮಾತ್ರ, ಉಳಿದ ಗಂಡಸರೆಲ್ಲ ಸಂಭಾವಿತರು ಅಂತ ಬರೆದುಬಿಟ್ಟಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆನ್ ಹಾಗೆ ಮಾಡಲಿಲ್ಲ. ಗಿಲ್ಬರ್ಟ್‌ಗೂ ಹಂಟಿಂಗ್ಡನ್‌ಗೂ ಇರುವ ವ್ಯತ್ಯಾಸ ಇಷ್ಟೇ, ಇವನು ದಿನಚರಿ ಓದುತ್ತಾನೆ, ಓದಿ ನಾಚಿಕೊಳ್ಳುತ್ತಾನೆ, ಲಾರೆನ್ಸ್ ಹತ್ತಿರ ಹೋಗಿ ಕ್ಷಮೆ ಕೇಳುತ್ತಾನೆ. ಹಂಟಿಂಗ್ಡನ್ ಅದೇ ದಿನಚರಿ ಕಿತ್ತುಕೊಂಡು ಓದಿ ಅವಳ ಬಣ್ಣ, ಪ್ಯಾಲೆಟ್, ಚಿತ್ರದ ಸ್ಟ್ಯಾಂಡು ಎಲ್ಲ ಬೆಂಕಿಗೆ ಹಾಕಿಸುತ್ತಾನೆ. ಬೀಗದ ಕೈಗಳನ್ನೂ ಕಿತ್ತುಕೊಳ್ಳುತ್ತಾನೆ. ಒಂದೇ ಪುಸ್ತಕವನ್ನು ಇಬ್ಬರು ಗಂಡಸರು ಓದುವ ರೀತಿ ನೋಡಿ. ನನಗೆ ಇಡೀ ಕಾದಂಬರಿಯಲ್ಲಿ ತುಂಬ ಹಿಡಿಸಿದ್ದು ಇದೇ ಜೋಡಣೆ.

ಉಪದೇಶದ ಬಗ್ಗೆ: ಹದಿನೆಂಟರ ಹುಡುಗಿ ದೇವರ ಹೆಸರಿನಲ್ಲಿ ಗಂಡನನ್ನು ತಿದ್ದುತ್ತೇನೆ ಅಂತ ಹೊರಡುತ್ತಾಳೆ, ಸೋಲುತ್ತಾಳೆ. ಸೋತೆ ಅಂತ ಅವಳೇ ದಿನಚರಿಯಲ್ಲಿ ಬರೆದುಕೊಳ್ಳುತ್ತಾಳೆ. ತಾನೂ ದಿನೇ ದಿನೇ ಕಲ್ಲಾಗುತ್ತಿದ್ದೇನೆ, ಮೊದಲು ಅಸಹ್ಯ ಅನಿಸುತ್ತಿದ್ದದ್ದು ಈಗ ಅನಿಸುತ್ತಿಲ್ಲ ಅಂತ ಹೆದರುತ್ತಾಳೆ. ಉಪದೇಶ ಮಾಡುವ ಪಾತ್ರಕ್ಕೆ ಈ ಹೆದರಿಕೆ ಇರುವುದಿಲ್ಲ.

ಓದುಗೂಡು:
ನಾನು ಬರೆಯುವುದು ಮಗುವಿಗೆ ವೈನ್ ಕುಡಿಸುವ ಭಾಗದ ಬಗ್ಗೆ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಕುಡಿತ ಇತ್ತು. ಹತ್ತಿರದಿಂದ ಕಂಡಿದ್ದೇನೆ. ಅಂಥ ಮನೆಯಲ್ಲಿ ಕುಡಿಯದ ದಿನ ಮನುಷ್ಯ ಎಷ್ಟು ಒಳ್ಳೆಯವನಾಗಿರುತ್ತಾನೆ, ಎಲ್ಲರೂ ಹೇಗೆ ಮತ್ತೆ ನಂಬುತ್ತಾರೆ, ಅದನ್ನು ಆನ್ ಬರೆದ ಹಾಗೆ ನಾನು ಬೇರೆಲ್ಲೂ ಓದಿಲ್ಲ. ಹಂಟಿಂಗ್ಡನ್ ಲಂಡನ್ನಿಗೆ ಹೋಗುತ್ತಾನೆ, ತಿಂಗಳುಗಟ್ಟಲೆ ಬರುವುದಿಲ್ಲ, ಆರೋಗ್ಯ ಕೆಡಿಸಿಕೊಂಡು ಬರುತ್ತಾನೆ, ಇವಳು ಆರೈಕೆ ಮಾಡುತ್ತಾಳೆ, ಚೇತರಿಸಿಕೊಂಡ ಕೂಡಲೇ ಮತ್ತೆ ಹೊರಡುತ್ತಾನೆ. ಆ ಸುತ್ತು ಒಂದೇ ಸಮ ನಡೆಯುತ್ತದೆ. ಓದುವಾಗ ಬೇಸರ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಅಂಥ ಮನೆಯಲ್ಲಿ ಬದುಕುವುದೂ ಹಾಗೇ ಇರುತ್ತದೆ, ಹೊಸದೇನೂ ನಡೆಯುವುದಿಲ್ಲ.

ಆಮೇಲೆ ಅವನು, ಅವನ ಗೆಳೆಯರು ಸೇರಿ ಆ ಪುಟ್ಟ ಹುಡುಗನಿಗೆ ಕುಡಿಯುವುದು, ಬೈಯುವುದು ಕಲಿಸುತ್ತಾರೆ. ‘ಗಂಡಸು’ ಮಾಡುತ್ತೇವೆ ಅಂತ. ಅಮ್ಮನನ್ನು ಎದುರಿಸಿದರೆ ನಗುತ್ತಾರೆ. ಹೆಲೆನ್ ತನಗೆ ಆಗುವ ಅವಮಾನವನ್ನು ವರ್ಷಗಟ್ಟಲೆ ತಡೆದುಕೊಂಡವಳು, ಇದನ್ನು ತಡೆಯಲಿಲ್ಲ. ಓಡಿಹೋಗುವ ಯೋಚನೆ ಗಟ್ಟಿಯಾಗುವುದು ಇಲ್ಲಿ. ಮನೆ ಬಿಡುವ ಮೊದಲೇ, ಮಗುವಿಗೆ ಹೆಂಡದ ವಾಸನೆಯೇ ಬೇಡವಾಗಲಿ ಅಂತ ವೈನ್‌ಗೆ ವಾಂತಿ ಬರುವ ಔಷಧ ಬೆರೆಸಿ ಕೊಡುತ್ತಿದ್ದಳು ಅಂತ ಬರುತ್ತದೆ. ಓದಿದಾಗ ಎದೆ ಝಲ್ಲೆಂದಿತು. ಅದು ಸರಿಯೋ ತಪ್ಪೋ ನಾನು ಹೇಳಲಾರೆ, ಆ ತಾಯಿಯ ಭಯ ಮಾತ್ರ ನೂರಕ್ಕೆ ನೂರು ನಿಜ.

ಹಂಟಿಂಗ್ಡನ್ ಗುಂಪಿನಲ್ಲಿದ್ದ ಲಾರ್ಡ್ ಲೋಬರೋ ಬಗ್ಗೆ ಯಾರೂ ಮಾತಾಡುವುದಿಲ್ಲ. ಜೂಜು ಬಿಟ್ಟ, ಕುಡಿತ ಬಿಟ್ಟ, ಅಫೀಮಿನ ದ್ರಾವಣ ಬಿಟ್ಟ. ಬಿಡುವುದು ಎಷ್ಟು ಕಷ್ಟ ಅಂತ ತೋರಿಸಿ, ಆದರೂ ಬಿಡಬಹುದು ಅಂತ ತೋರಿಸುವ ಪಾತ್ರ. ಅವನನ್ನು ಮತ್ತೆ ಕುಡಿಸಲು ಒಬ್ಬ ಗೆಳೆಯ ಹಿಡಿದು ಒತ್ತಾಯ ಮಾಡುವಾಗ ಮೇಣದಬತ್ತಿಯಿಂದ ಆ ಗೆಳೆಯನ ಕೈ ಸುಟ್ಟಾದರೂ ಬಿಡಿಸಿಕೊಳ್ಳುತ್ತಾನೆ. ಆ ಮೇಣದಬತ್ತಿ ಅವನ ಕೈಗೆ ಕೊಡುವವಳು ಹೆಲೆನ್.

ನೀಲಿಶಾಯಿ:
ಹಾಗಾದರೆ ಶಾರ್ಲೆಟ್ ಯಾಕೆ ಬೇಡ ಅಂದಳು? ಇಷ್ಟು ನಿಜ ಇರುವ ಪುಸ್ತಕವನ್ನು ತಂಗಿ ಸತ್ತ ಮೇಲೆ ಅಮುಕಿದ್ದು ನನಗೆ ಕ್ಷಮಿಸಲಾಗದ ತಪ್ಪು ಅನಿಸುತ್ತದೆ.

ತುಂಗಾತೀರ:
ಅವಳ ಮನೆಯ ಸ್ಥಿತಿಯನ್ನೂ ನೋಡಬೇಕು. ಆನ್ ಥಾರ್ಪ್ ಗ್ರೀನ್ ಅನ್ನುವ ಕಡೆ ಶ್ರೀಮಂತರ ಮನೆಯಲ್ಲಿ 1840ರಿಂದ 1845ರ ತನಕ ಮಕ್ಕಳಿಗೆ ಪಾಠ ಹೇಳಿದಳು. ಅಣ್ಣ ಬ್ರಾನ್‌ವೆಲ್‌ನನ್ನೂ ಅಲ್ಲೇ ಕೆಲಸಕ್ಕೆ ಸೇರಿಸಿದಳು. ಆ ಮನೆಯ ಯಜಮಾನಿಯ ಜೊತೆ ಅವನ ಸಂಬಂಧದ ಗದ್ದಲವಾಗಿ ಕೆಲಸ ಹೋಯಿತು. ಆಮೇಲೆ ಕುಡಿತ, ಅಫೀಮು. ಮೂವರು ಹೆಣ್ಣುಮಕ್ಕಳು ಅದೇ ಮನೆಯಲ್ಲಿ ಅದನ್ನು ನೋಡುತ್ತಾ ಬರೆದರು. 1848ರ ಸೆಪ್ಟೆಂಬರ್‌ನಲ್ಲಿ ಬ್ರಾನ್‌ವೆಲ್ ಸತ್ತ, ಡಿಸೆಂಬರ್‌ನಲ್ಲಿ ಎಮಿಲಿ, ಮೇನಲ್ಲಿ ಆನ್. ಎಂಟು ತಿಂಗಳಲ್ಲಿ ಮೂರು ಸಾವು. ಉಳಿದವಳು ಶಾರ್ಲೆಟ್ ಒಬ್ಬಳೇ. ಆ ಕಾದಂಬರಿಯ ಪ್ರತಿ ಪುಟದಲ್ಲೂ ಅವಳಿಗೆ ತಮ್ಮನೇ ಕಂಡಿರಬೇಕು. ಪತ್ರಿಕೆಗಳೂ ಬೈದಿದ್ದವು, ಇದು ಹೆಂಗಸರು ಓದಬಾರದ ಪುಸ್ತಕ ಅಂತ ಒಂದು ಪತ್ರಿಕೆ ಎಚ್ಚರಿಕೆಯನ್ನೇ ಕೊಟ್ಟಿತ್ತು. ತಂಗಿಯ ಹೆಸರು ಕಾಪಾಡುತ್ತೇನೆ ಅಂದುಕೊಂಡು ಹಾಗೆ ಮಾಡಿರಬಹುದು.

ಹಳೇಪುಟ:
ಅವಳ ದುಃಖ ನನಗೂ ಅರ್ಥವಾಗುತ್ತದೆ. ಆದರೆ ಆನ್‌ಗೆ ಯಾರ ರಕ್ಷಣೆಯೂ ಬೇಕಿರಲಿಲ್ಲ ಅನ್ನುವುದು ನನ್ನ ವಾದ. ಎರಡನೇ ಮುದ್ರಣಕ್ಕೆ ಅವಳೇ ಒಂದು ಮುನ್ನುಡಿ ಬರೆದಿದ್ದಾಳೆ. ನಾನು ಸತ್ಯ ಹೇಳಲು ಹೊರಟೆ, ಇಂಥ ಜನ ಇದ್ದಾರೆ, ಒಬ್ಬ ಹುಡುಗ ಇವರ ದಾರಿ ಹಿಡಿಯದ ಹಾಗೆ, ಒಬ್ಬ ಹುಡುಗಿ ನನ್ನ ನಾಯಕಿಯ ತಪ್ಪು ಮಾಡದ ಹಾಗೆ ಆದರೂ ಬರೆದದ್ದು ಸಾರ್ಥಕ ಅಂತ ಹೇಳುತ್ತಾಳೆ. ಪುಸ್ತಕ ಚೆನ್ನಾಗಿದ್ದರೆ ಬರೆದದ್ದು ಗಂಡೋ ಹೆಣ್ಣೋ ಅನ್ನುವ ಪ್ರಶ್ನೆಯೇ ಬೇಡ ಅಂತಲೂ ಹೇಳುತ್ತಾಳೆ. ಒಂದು ಸಾಲಿನಲ್ಲೂ ಹಿಂದೆ ಸರಿಯುವುದಿಲ್ಲ. ಇದೇ ನ್ಯೂಬಿ, ಆಕ್ಟನ್ ಬೆಲ್ಲೂ ಕರರ್ ಬೆಲ್ಲೂ (ಇದು ಶಾರ್ಲೆಟ್‌ಳ ಗುಪ್ತನಾಮ) ಒಬ್ಬರೇ ಅನ್ನುವ ಹಾಗೆ ಅಮೆರಿಕದ ಪ್ರಕಾಶಕರಿಗೆ ಪುಸ್ತಕ ಮಾರಲು ಹೋದಾಗ, ಶಾರ್ಲೆಟ್ ಜೊತೆ ರಾತ್ರಿ ರೈಲು ಹತ್ತಿ ಲಂಡನ್ನಿಗೆ ಹೋಗಿ ನಾವು ಬೇರೆ ಬೇರೆ ಅಂತ ಎದುರು ನಿಂತು ತೋರಿಸಿದ್ದೂ ಆನ್. ಎಮಿಲಿ ಮನೆಯಲ್ಲೇ ಉಳಿದಿದ್ದಳು. ಮೆದು ಸ್ವಭಾವದ ಪಾಪದ ತಂಗಿ ಅನ್ನುವ ಚಿತ್ರ ಆಮೇಲೆ ಬೆಳೆದದ್ದು, ಅದರಲ್ಲಿ ಶಾರ್ಲೆಟ್ ಬರೆದದ್ದರ ಪಾಲು ದೊಡ್ಡದು.

ಕಾಫಿತೋಟ:
ಮುನ್ನುಡಿ ನನ್ನ ಪ್ರತಿಯಲ್ಲಿ ಇತ್ತು, ಅದು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಕೊನೆಗೆ ಹೆಲೆನ್ ವಾಪಸ್ ಹೋಗುವುದು? ಅಷ್ಟು ಕಷ್ಟಪಟ್ಟು ಓಡಿಬಂದವಳು ಗಂಡ ಕುದುರೆಯಿಂದ ಬಿದ್ದ ಅಂತ ಸೇವೆ ಮಾಡಲು ಹೋಗುತ್ತಾಳೆ. ಅಲ್ಲಿ ಲೇಖಕಿ ಆ ಕಾಲಕ್ಕೆ ಬಗ್ಗಿಬಿಟ್ಟಳು ಅನಿಸಿತು.

ವಕೀಲಮ್ಮ:
ಆ ಅಧ್ಯಾಯವನ್ನು ಮತ್ತೊಮ್ಮೆ ಓದಿ ಸರ್. ಅವಳು ಬರಿಗೈಲಿ ಹೋಗುವುದಿಲ್ಲ. ಮಗನನ್ನು ನೋಡಬೇಕು ಅಂತ ಅವನು ಕೇಳಿದಾಗ ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸುತ್ತಾಳೆ. ಮಗ ತನ್ನ ವಶದಲ್ಲೇ ಇರಬೇಕು, ಬೇಕಾದಾಗ ಕರೆದುಕೊಂಡು ಹೋಗಬಹುದು ಅನ್ನುವುದಕ್ಕೆ. ಸಾಕ್ಷಿಗೆ ದಾದಿ ರೇಚಲ್. ಜ್ವರದಲ್ಲಿ ಮಲಗಿರುವ ಗಂಡನ ಮೇಲೆ ಕರುಣೆಯೂ ಇದೆ, ಅವನ ಮಾತನ್ನು ನಂಬುವುದೂ ಇಲ್ಲ. ಇದನ್ನು ಬಗ್ಗುವುದು ಅಂತ ನಾನು ಕರೆಯಲಾರೆ. ಕಾನೂನು ಕೊಡದ ರಕ್ಷಣೆಯನ್ನು ತಾನೇ ಬರೆದುಕೊಂಡಳು. ಆ ಕಾಗದಕ್ಕೆ ಕೋರ್ಟಿನಲ್ಲಿ ಎಷ್ಟು ಬೆಲೆ ಇರುತ್ತಿತ್ತೋ ಅದು ಬೇರೆ ಪ್ರಶ್ನೆ, ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಹೋಗುವುದು ಅವಳ ತೀರ್ಮಾನ, ಶರತ್ತು ಅವಳದು, ಸೇವೆಯೂ ಅವಳ ಇಷ್ಟದಿಂದ. ಎಲ್ಲರೂ ಅವಳ ತಾಳ್ಮೆಯನ್ನು ಹೊಗಳುತ್ತಾರೆ. ನನಗೆ ಕಾಣುವುದು ಅವಳ ತಯಾರಿ. ಹಣ ಹೊಂದಿಸಿದ್ದು, ಮನೆ ನೋಡಿಟ್ಟದ್ದು, ಯಾರನ್ನು ನಂಬಬೇಕು ಅಂತ ಆರಿಸಿದ್ದು, ಒಂದು ಸಲ ಸಿಕ್ಕಿಬಿದ್ದು ಎಲ್ಲ ಸುಟ್ಟುಹೋದ ಮೇಲೂ ಮತ್ತೆ ಮೊದಲಿಂದ ಶುರು ಮಾಡಿದ್ದು.

ಕಾಫಿತೋಟ:
ಸಹಿಯ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ. ಆ ಭಾಗ ನೋಡುತ್ತೇನೆ. ಗಿಲ್ಬರ್ಟ್ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ಓದುಗೂಡು:
ಹೊಸದಾಗಿ ಓದುವವರಿಗೆ ಒಂದು ಮಾತು. ಒಟ್ಟು 53 ಅಧ್ಯಾಯ. ಮೊದಲ 15 ಅಧ್ಯಾಯ ಊರಿನ ಗಾಳಿಮಾತು, ಟೀ, ಚರ್ಚು, ಗಿಲ್ಬರ್ಟ್‌ನ ಕುತೂಹಲ. ದಿನಚರಿ ಶುರುವಾಗುವುದು 16ರಲ್ಲಿ, ಮುಗಿಯುವುದು 44ರಲ್ಲಿ. ಶುರುವಿನಲ್ಲಿ ನಿಧಾನ ಅನಿಸಿದರೂ ಬಿಡಬೇಡಿ. ಅದರಲ್ಲೂ 3ನೇ ಅಧ್ಯಾಯವನ್ನು ಓಡಿಸಿಕೊಂಡು ಓದಬೇಡಿ. ಅಲ್ಲಿ ಮಾರ್ಕಮ್ ಮನೆಯವರ ಎದುರು ಹೆಲೆನ್ ಕೇಳುವ ಪ್ರಶ್ನೆ: ಗಂಡುಮಕ್ಕಳು ಎಲ್ಲ ನೋಡಿ ಕಲಿಯಲಿ, ಹೆಣ್ಣುಮಕ್ಕಳಿಗೆ ಏನೂ ಗೊತ್ತಾಗುವುದೇ ಬೇಡ ಅನ್ನುತ್ತೀರಲ್ಲ, ಯಾಕೆ? ಇಬ್ಬರಿಗೂ ಲೋಕ ಗೊತ್ತಿರಬೇಕು, ಇಬ್ಬರನ್ನೂ ಕಾಪಾಡಬೇಕು ಅನ್ನುವುದು ಅವಳ ವಾದ. ಅಲ್ಲಿದ್ದವರೆಲ್ಲ ಅವಳ ಮಗ ಹೆಣ್ಣಿಗನಾಗುತ್ತಾನೆ ಅಂತ ಹೇಳುತ್ತಾರೆ.

ನೀಲಿಶಾಯಿ:
ಪೂರ್ತಿ ಪಠ್ಯದ ಪ್ರತಿ ಆರ್ಡರ್ ಮಾಡಿದೆ. ಬಂದ ಮೇಲೆ 3ನೇ ಅಧ್ಯಾಯದಿಂದಲೇ ಒಂದು ಹೊಸ ಚರ್ಚೆ ಶುರು ಮಾಡೋಣವೇ? ಗಂಡುಮಕ್ಕಳನ್ನು ಬೆಳೆಸುವ ಬಗ್ಗೆ ಇಲ್ಲಿ ತಾಯಂದಿರು, ಅಪ್ಪಂದಿರು ತುಂಬ ಜನ ಇದ್ದಾರೆ. ಹೆಲೆನ್ ವಾದವನ್ನು ಅವರು ಒಪ್ಪುತ್ತಾರೋ ಇಲ್ಲವೋ ಕೇಳಬೇಕು ಅನಿಸುತ್ತಿದೆ.

ಹಳೇಪುಟ:
ಖಂಡಿತ ಮಾಡಿ. 3ರ ಜೊತೆ 28ನ್ನೂ ಸೇರಿಸಿ. ಎರಡನ್ನೂ ಒಟ್ಟಿಗೆ ಓದಿದರೆ ಹೆಲೆನ್ ಆ ಮಾತು ಯಾಕೆ ಆಡಿದಳು ಅಂತ ತಿಳಿಯುತ್ತದೆ. ಕತ್ತರಿಸಿದ ಪ್ರತಿ ಇರುವವರಿಗೆ ಆ ಅಧ್ಯಾಯದ ಸಾರಾಂಶ ನಾನು ಬರೆದು ಹಾಕುತ್ತೇನೆ.